ರೈಮೊನ ಸೌನಾದಿಂದ ಹೊಗೆ ಏಳಲಿಲ್ಲ

ಶನಿವಾರ ಸಂಜೆ ಒಬ್ಬನ ಸೌನಾದ ಕೊಳವೆಯಿಂದ ಹೊಗೆ ಏಳಲಿಲ್ಲವೆಂದರೆ ನಮ್ಮ ಸಾರಿಕೊಸ್ಕಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ಯುದ್ಧದ ಕಾಲದಲ್ಲೂ ಹೊಗೆ ಎದ್ದಿತ್ತಂತೆ. ಊರಿನ ಗಂಡಸರು ಮದುವೆಯ ದಿನವನ್ನು ಮರೆತಾರು, ಓಟು ಹಾಕುವುದನ್ನು ಮರೆತಾರು, ಕೆರೆಯಂಚಿನ ಆ ಪುಟ್ಟ ಮರದ ಹಬೆಸ್ನಾನದ ಮನೆಯ ಒಲೆಗೆ ಶನಿವಾರ ಸೌದೆ ತುಂಬುವುದನ್ನು ಮಾತ್ರ ಮರೆಯುವುದಿಲ್ಲ. ಕಾದ ಕಲ್ಲಿನ ಮೇಲೆ ನೀರೆರಚಿ, ಮೇಲಿನ ಹಲಗೆಯ ಮೇಲೆ ಕೂತು ಮಾತಿಲ್ಲದೆ ಬೆವರು ಸುರಿಸಿ ಹೊರಗೆ ಬಂದರೇನೇ ನಮಗೆ ಒಂದು ವಾರ ಮುಗಿದಂತೆ. ಹಾಗಾಗಿ ನವೆಂಬರಿನ ಒಂದು ಶನಿವಾರ ರೈಮೊ ತೊಸ್ಕಲನ ಸೌನಾ ತಣ್ಣಗಿರುವುದು ಕಂಡಾಗ, ನನ್ನ ಅಂಗಡಿಯ ಕಾಫಿ ಮೇಜಿನ ಸುತ್ತ ಕೂತವರು ಬಹಳ ಹೊತ್ತು ಏನೂ ಹೇಳಲಿಲ್ಲ. ನಮ್ಮ ಕಡೆ ಚರ್ಚೆ ಶುರುವಾಗುವುದು ಹೀಗೆಯೇ.

ನಿಜ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮಗೆ ಅದು ತಿಳಿಯುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿತ್ತು, ನಿಮಗಾದರೂ ಆ ಪಾಡು ಬೇಡ.

ರೈಮೊ ನಮ್ಮೂರ ದೋಣಿ ಓಡಿಸುತ್ತಿದ್ದವನು. ಕಬ್ಬಿಣದ ಹಗ್ಗ ಹಿಡಿದು ಕೆರೆ ದಾಟುವ, ಕಾರು ಟ್ರಾಕ್ಟರುಗಳನ್ನು ಹೊರುವ ಅಗಲವಾದ ದೋಣಿ. ಅದನ್ನು ಹತ್ತಿದವರೆಲ್ಲ ಎಲ್ಲಿಗೋ ಹೋದರು. ರೈಮೊ ಮಾತ್ರ ವಾಪಸ್ಸು ಬಂದ. ಇಡೀ ಜೀವಮಾನ ಹಾಗೆ ಹೋಗಿ ಬಂದು ನಿವೃತ್ತನಾದ ಮೇಲೆ ಅವನಿಗೆ ವಾಪಸ್ಸು ಬರುವ ಅವಸರವಿಲ್ಲದ ಒಂದು ಪ್ರಯಾಣ ಮಾಡಬೇಕೆನಿಸಿತು. ಹಿಂದಿನ ವರ್ಷವೇ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡಿದ್ದ. ಮುಂದಿನ ಬೇಸಿಗೆಯಲ್ಲಿ ಹೆಂಡತಿ ಇರ್ಮೆಲಿಯನ್ನು ಹಿಂದೆ ಕೂರಿಸಿಕೊಂಡು ಉತ್ತರಕ್ಕೆ, ರಸ್ತೆ ಮುಗಿದು ಹಿಮಸಾಗರ ಶುರುವಾಗುವಲ್ಲಿಗೆ ಹೋಗುವುದೆಂದು ಇಬ್ಬರೂ ತೀರ್ಮಾನಿಸಿದರು. ಹೊಸ ಟೈರು ಹಾಕಿಸಿದರು. ಆ ಟೈರಿನ ಮೇಲಿನ ಸಣ್ಣ ರಬ್ಬರ್ ಕೂದಲು ಇನ್ನೂ ಉದುರಿರಲಿಲ್ಲ, ಅಷ್ಟರಲ್ಲಿ ಇರ್ಮೆಲಿ ಪೇಟೆಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು, ಕೈಯಲ್ಲಿದ್ದ ಫೋನೂ ಒಡೆಯಿತು. ಆಸ್ಪತ್ರೆಯಲ್ಲಿ ಕೀಲು ಬದಲಾಯಿಸಿದರು. ನಡೆಯುತ್ತೀರಿ ಎಂದರು ಡಾಕ್ಟರು. ಬೈಕಿನ ಹಿಂದೆ ಕಾಲು ದಾಟಿಸಿ ಕೂರುವ ಮಾತೆತ್ತಿದಾಗ ಮಾತ್ರ ಕಿಟಕಿಯ ಕಡೆ ನೋಡಿ, "ನೋಡೋಣ" ಎಂದರು.

ಇರ್ಮೆಲಿ ಶಾಲೆಯ ಅಡುಗೆಮನೆಯನ್ನು ಆಳಿದ ಹೆಂಗಸು. ಡಾಕ್ಟರ "ನೋಡೋಣ" ಅವಳಿಗೆ ಹಿಡಿಸಲಿಲ್ಲ.

"ಸೊಂಟ ನಾನು ನೋಡ್ಕೋತೀನಿ," ಎಂದಳು ಗಂಡನಿಗೆ. "ನೀನು ಟೈರು ನೋಡ್ಕೋ. ಹೋದ ವರ್ಷ ಹಾಗೇ ನಿಲ್ಲಿಸಿ, ಒಂದೇ ಕಡೆ ಚಪ್ಪಟೆಯಾಗಿ, ಬೇಸಿಗೆಯೆಲ್ಲ ಕುಂಟು ಕುದುರೆ ಥರ ಓಡ್ತು. ಈ ಸಲ ನಾನು ಬಂದಾಗ ದುಂಡಗಿರಬೇಕು."

"ಇರತ್ತೆ."

"ಊರಲ್ಲಿ ಯಾರಿಗೂ ಹೇಳ್ಬೇಡ. ಪಕ್ಕದ್ಮನೆ ಹೆಲ್ವಿ ಬನ್ನು ಹೊತ್ಕೊಂಡು ಬಂದು ಪಕ್ಕದಲ್ಲಿ ಕೂತು ನನ್ನ ಮುಖ ನೋಡಿ ನಿಟ್ಟುಸಿರು ಬಿಡೋದು ಬೇಡ ನಂಗೆ. ಸ್ವೀಡನ್ನಲ್ಲಿ ಚಿಕ್ಕಮ್ಮನ ಮಗಳ ಮನೇಲಿದಾಳೆ ಅನ್ನು. ಕ್ರಿಸ್‌ಮಸ್ ಹಬ್ಬಕ್ಕೆ ನಡ್ಕೊಂಡೇ ಬರ್ತೀನಿ."

ಹೀಗೆ ಆ ದಂಪತಿಗಳ ನಡುವೆ ಕೆಲಸ ಹಂಚಿಕೆಯಾಯಿತು. ರೈಮೊ ಕೊಟ್ಟ ಮಾತಿಗೆ ಕಡಿಮೆ ಮಾಡುವವನಲ್ಲ, ಹೆಚ್ಚು ಮಾಡಿ ಕೆಡಿಸುವವನು. ಆಸ್ಪತ್ರೆಯ ಬೆಂಚಿನ ಮೇಲೆ ಬಿದ್ದಿದ್ದ ಬೈಕಿನವರ ಪತ್ರಿಕೆಯಲ್ಲಿ ಚಳಿಗಾಲದ ಟೈರು ರಕ್ಷಣೆಯ ಪುಟವನ್ನು ಬಾಯಿಪಾಠ ಮಾಡಿಕೊಂಡ. ಟೈರಿಗೆ ಇಷ್ಟೊಂದು ಶತ್ರುಗಳಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ತಣ್ಣನೆಯ ಕಾಂಕ್ರೀಟು ನೆಲ ಆಗದು. ಬಿಸಿಲು ಆಗದು. ಎಣ್ಣೆ ಕಲೆ ಆಗದು. ಬಿಸಿ ಒಲೆಯ ಹತ್ತಿರ ಆಗದು. ಫ್ರೀಜರಿನ ಮೋಟಾರಿನಿಂದ ಹೊರಡುವ ಓಜೋನ್ ಅಂತೂ ರಬ್ಬರನ್ನು ಒಳಗಿಂದೊಳಗೇ ಬಿರಿಯಿಸುತ್ತದೆ. ರೈಮೊನ ಗ್ಯಾರೇಜಿನ ನೆಲ ಕಾಂಕ್ರೀಟಿನದು. ಅದರ ಮೂಲೆಯಲ್ಲಿ, ಬೇಟೆಯ ಮಾಂಸ ಮತ್ತು ಕಾಡುಹಣ್ಣು ತುಂಬಿದ, ಎಮ್ಮೆ ಗಾತ್ರದ ಫ್ರೀಜರು ಹಗಲಿರುಳು ಗುರುಗುಟ್ಟುತ್ತಿತ್ತು. ಮನೆಯೊಳಕ್ಕೆ ತರೋಣವೆಂದರೆ ಎತ್ತರದ ಮೆಟ್ಟಿಲು, ಇವನೊಬ್ಬನ ಕೈಲಾಗದು.

ಮರದ ನೆಲವಿದ್ದ, ಮೋಟಾರಿಲ್ಲದ, ಕತ್ತಲೆಯ, ಮೆಟ್ಟಿಲಿಲ್ಲದ ಜಾಗ ಅವನ ಬಳಿ ಒಂದೇ ಇತ್ತು.

ಸೌನಾದೊಳಗೆ ನಾವು ಬೈದಾಡುವುದಿಲ್ಲ, ಜಗಳ ಕಾಯುವುದಿಲ್ಲ. ನಮ್ಮ ಅಜ್ಜಿಯರು ಮಕ್ಕಳನ್ನು ಹೆತ್ತದ್ದು ಅಲ್ಲಿ. ಸತ್ತವರನ್ನು ತೊಳೆದು, ಬಿಳಿ ಬಟ್ಟೆ ಹೊದೆಸಿ, ನೆಲ ಕರಗಿ ಗುಂಡಿ ತೋಡುವವರೆಗೆ ಮಲಗಿಸುತ್ತಿದ್ದದ್ದೂ ಅಲ್ಲಿಯೇ. ಅಂಥ ಜಾಗದಲ್ಲಿ ರೈಮೊ ಬೈಕು ನಿಲ್ಲಿಸಿದ. ಟೈರುಗಳನ್ನು ಸೋಪು ಹಾಕಿ ತೊಳೆದ, ಒರೆಸಿದ, ಗಾಳಿ ಸ್ವಲ್ಪ ಹೆಚ್ಚೇ ತುಂಬಿದ. ಚಕ್ರ ನೆಲದಿಂದ ಎತ್ತಿಡಿ, ಇಲ್ಲವೇ ಆಗಾಗ ಕಾಲು ಸುತ್ತು ತಿರುಗಿಸಿ ಎಂದು ಪತ್ರಿಕೆ ಹೇಳಿತ್ತು; ಇವನು ಎತ್ತಿಯೂ ಇಟ್ಟ, ತಿರುಗಿಸಿಯೂ ತಿರುಗಿಸಿದ. ಪ್ಲಾಸ್ಟಿಕ್ ಹೊದೆಸಿದರೆ ಬೆವರುತ್ತದೆ, ಬಟ್ಟೆ ಹೊದೆಸಿ ಎಂದಿತ್ತು; ಇರ್ಮೆಲಿಯ ತವರಿನ ಬಿಳಿ ನಾರಿನ ಹಾಸುಬಟ್ಟೆಯನ್ನು ತಂದು ಹೊದೆಸಿದ. ಇನ್ನು ಆ ಒಲೆ ಹಚ್ಚುವುದಂತೂ ಸಾಧ್ಯವಿರಲಿಲ್ಲ, ಹಚ್ಚಿದರೆ ಹೊಸ ಟೈರು ಹಲ್ವದಂತಾಗುತ್ತಿತ್ತು.

ಅದಕ್ಕೇ ಹೊಗೆ ಏಳಲಿಲ್ಲ.

ಎರಡನೆಯ ಶನಿವಾರವೂ ಏಳದಿದ್ದಾಗ, ಹಾಲಿಗೆ ಬಂದ ರೈಮೊನನ್ನು ನಾನೇ ಕೇಳಿದೆ. "ಒಲೆ ಕೆಟ್ಟಿದೆಯಾ? ನಮ್ಮನೆಗೇ ಬಾ, ಕಾಯಿಸಿರ್ತೀನಿ."

ಹೇಳಿಬಿಡಬಹುದಿತ್ತು. ಆದರೆ ಸೌನಾದಲ್ಲಿ ಬೈಕಿದೆ ಎಂದು ಹೇಗೆ ಹೇಳಿಯಾನು? ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಒಲೆ ಸರಿ ಇದೆ. ಇರ್ಮೆಲಿ ಇಲ್ಲ, ಸ್ವೀಡನ್ನಲ್ಲಿ ಚಿಕ್ಕಮ್ಮನ ಮಗಳ ಮನೇಲಿದಾಳೆ. ಒಬ್ಬನಿಗೆ ಅಂತ ಹಚ್ಚೋಕೆ... ಮನಸ್ಸಿಲ್ಲ."

ಮೇಜಿನ ಸುತ್ತ ಚಮಚಗಳು ನಿಂತವು. ಮನಸ್ಸು ಎಂಬ ಪದಾರ್ಥ ತನಗಿದೆಯೆಂದು ನಮ್ಮೂರ ಗಂಡಸೊಬ್ಬ ನಾಲ್ಕು ಜನರ ಮುಂದೆ ಒಪ್ಪಿಕೊಂಡದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಅವನು ಹೋದ ಮೇಲೆ ಹೆಲ್ವಿ ಅಜ್ಜಿ ಕಪ್ಪು ಕೆಳಗಿಟ್ಟಳು. ಹೆಲ್ವಿ ನಮ್ಮೂರಿಗೆ ಹಿರಿಯಳು, ರೈಮೊನ ಬೇಲಿಯಾಚೆಯವಳು, ಎಲ್ಲ ಸಾವುಗಳಿಗೂ ಮೊದಲು ತಲುಪುವವಳು.

"ಬಿಟ್ಟು ಹೋಗಿದಾಳೆ," ಎಂದಳು. "ಇರ್ಮೆಲಿ ಅವನನ್ನ ಬಿಟ್ಟು ಹೋಗಿದಾಳೆ."

ಮರುದಿನವೇ ಏಲಕ್ಕಿ ಬನ್ನು ಸುಟ್ಟು ಹೊತ್ತು ಹೋದಳು. ರೈಮೊ ಬಾಗಿಲನ್ನು ಅರ್ಧ ತೆರೆದು ತಟ್ಟೆ ಇಸಿದುಕೊಂಡ, ಥ್ಯಾಂಕ್ಸ್ ಎಂದ, ಮುಚ್ಚಿದ. ಒಳಗೆ ಊಟದ ಮೇಜಿನ ಮೇಲೆ ಬೈಕಿನ ಬ್ಯಾಟರಿ ಮತ್ತು ಚೈನು ಬಿಡಿಬಿಡಿಯಾಗಿ ಹರಡಿದ್ದವು, ಕರೆಯುವುದು ಎಲ್ಲಿಗೆ? ಆದರೆ ಬನ್ನು ತಂದವರನ್ನು ಕಾಫಿಗೆ ಕರೆಯದ ಮನೆ ನಮ್ಮಲ್ಲಿ ಇನ್ನೊಂದಿಲ್ಲ. ಹೆಲ್ವಿ ಹಿಮದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ನನ್ನ ಅಂಗಡಿಗೆ ಬಂದಳು.

"ನಾನು ಹೇಳಿದ್ದು ತಪ್ಪು, ಸಿರ್ಕ್ಕ. ಬಿಟ್ಟು ಹೋಗಿರೋರ ಮನೆ ಹಾಗಿರಲ್ಲ. ಹೆಂಡ್ತಿ ಬಿಟ್ಟು ಹೋದ ಗಂಡಸಿಗೆ ಸಿಟ್ಟಿರುತ್ತೆ. ಇವನು ಮೆತ್ತಗಿದಾನೆ."

"ಅಂದ್ರೆ?"

"ನಂಗೊತ್ತಿಲ್ಲ. ಆದ್ರೆ ಆ ಮೆತ್ತಗಿರೋದನ್ನ ನಾನು ಮುಂಚೆ ನೋಡಿದೀನಿ."

ಹಬ್ಬ ಹತ್ತಿರವಾದಾಗ ಬಂದವನು ಕೌಕೊ, ಹೊಗೆಕೊಳವೆ ಗುಡಿಸುವವನು. ಕೌಕೊ ತನ್ನ ಕರಿ ಕೋಟು ತೊಟ್ಟು ಏಣಿ ಹಿಡಿದು ಬಂದನೆಂದರೆ ಸರ್ಕಾರವೇ ಬಂದ ಹಾಗೆ. ಬೆಂಕಿಯ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಹಬ್ಬಕ್ಕೆ ಮುಂಚೆ ಎಲ್ಲರ ಕೊಳವೆ ಗುಡಿಸಬೇಕು. ರೈಮೊ ಸೌನಾದ ಬಾಗಿಲಿಗೆ ಬೆನ್ನು ಕೊಟ್ಟು ನಿಂತನಂತೆ.

"ಈ ವರ್ಷ ಬೇಡ, ಕೌಕೊ."

"ಬೇಡ ಅನ್ನೋಕಾಗಲ್ಲ ರೈಮೊ. ಅದು ಕೊಳವೆ. ಗುಡಿಸ್ಬೇಕು."

"ಹಚ್ಚಿಲ್ವಲ್ಲ. ಮಸಿ ಎಲ್ಲಿಂದ ಬರತ್ತೆ?"

"ಹಬ್ಬಕ್ಕೆ ಹಚ್ಚಲ್ವಾ?"

ಈ ಪ್ರಶ್ನೆಗೆ ರೈಮೊ ಕೆರೆಯ ಕಡೆ ನೋಡಿದ. ಹಬ್ಬದ ದಿನ ಬೈಕನ್ನು ಎಲ್ಲಿಡಬೇಕೆಂಬ ಚಿಂತೆ ಅವನನ್ನು ಆಗಲೇ ತಿನ್ನುತ್ತಿತ್ತು. ಅವನ ಕಣ್ಣಲ್ಲಿ ನೀರಿತ್ತು ಎಂದು ಕೌಕೊ ನಮ್ಮ ಮುಂದೆ ಪ್ರಮಾಣ ಮಾಡಿದ. ಅಂದು ಬೀಸುತ್ತಿದ್ದ ಗಾಳಿಗೆ ಕೌಕೊನ ಕಣ್ಣಲ್ಲೂ ನೀರಿದ್ದಿರಬೇಕು, ಆದರೆ ಅದನ್ನು ನೋಡಿದವರಿಲ್ಲ.

"ದೂಳು ಬೀಳತ್ತೆ, ಒಳಗೆ ಬರಬೇಡ ಅಂದ," ಎಂದ ಕೌಕೊ. "ಸೌನಾದಲ್ಲಿ ದೂಳು ಬಿದ್ರೆ ಯಾರಿಗೇನು? ಅಲ್ಲಿ ಏನೋ ಇದೆ."

ಅಷ್ಟರಲ್ಲಿ ಅಂಗಡಿಯ ಫೋನು ರಿಂಗಾಯಿತು. ಸ್ವೀಡನ್ನಿನಿಂದ ಇರ್ಮೆಲಿಯ ಚಿಕ್ಕಮ್ಮನ ಮಗಳು. ಹಬ್ಬದ ಶುಭಾಶಯ ಹೇಳೋಣವೆಂದರೆ ಇರ್ಮೆಲಿಯ ಫೋನು ಹೋಗುತ್ತಲೇ ಇಲ್ಲ, ಅವಳು ಅಂಗಡಿಗೆ ಬಂದರೆ ಹೇಳಿ, ಅವಳನ್ನು ನೋಡಿಯೇ ಎಷ್ಟೋ ವರ್ಷವಾಯಿತು ಎಂದಳು. ನಾನು ಹೇಳುತ್ತೇನೆಂದು ಫೋನಿಟ್ಟೆ. ಇರ್ಮೆಲಿ ಸ್ವೀಡನ್ನಿನಲ್ಲಿಲ್ಲವೆಂದು ಮೇಜಿನವರಿಗೆ ಹೇಳಿದ ಮೇಲೆ ಹೆಲ್ವಿ ಎದ್ದು ಕೋಟು ಹಾಕಿಕೊಂಡಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಅವಳು ಬೇಲಿ ಸುತ್ತಿಕೊಂಡು ಕೆರೆಯ ಕಡೆಯಿಂದ ಹೋಗಿ, ಸೌನಾದ ಅಂಗೈಯಗಲದ ಕಿಟಕಿಯಲ್ಲಿ ಇಣುಕಿದಳು. ಅವಳು ಕಂಡದ್ದು ಇಷ್ಟು. ಒಲೆ ತಣ್ಣಗಿದೆ. ನಡುವೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ಬಿಳಿ ಹಾಸುಬಟ್ಟೆಯ ಕೆಳಗೆ ಉದ್ದಕ್ಕೆ ಏನೋ ಮಲಗಿದೆ. ಅಂಚಿನಲ್ಲಿ ಇರ್ಮೆಲಿಯ ತವರಿನ ಕಸೂತಿ. ಪಕ್ಕದಲ್ಲಿ ರೈಮೊ ಟೋಪಿ ತೆಗೆದು ತಲೆ ಬಾಗಿಸಿ ಅಲುಗಾಡದೆ ನಿಂತಿದ್ದಾನೆ. ಟೋಪಿ ತೆಗೆದದ್ದು ತಲೆ ಸೂರಿಗೆ ತಗಲುತ್ತದೆಂದು. ತಲೆ ಬಾಗಿಸಿದ್ದು ಟೈರಿನಿಂದ ಗಾಳಿ ಸೋರುವ ಸದ್ದಿದೆಯೇ ಎಂದು ಕೇಳಲು. ಕಿಟಕಿಯಾಚೆಗೆ ಇದೆಲ್ಲ ಹೇಗೆ ತಿಳಿಯಬೇಕು?

ಹೆಲ್ವಿ ವಾಪಸ್ಸು ಬಂದು ಕೂತು, ಕೈಗವಸು ಕಳಚದೆ ಹೇಳಿದಳು. "ನಮ್ಮಜ್ಜೀನ ಹಾಗೇ ಮಲಗಿಸಿದ್ರು. ಅದೇ ಥರ ಬಟ್ಟೆ."

"ಪೊಲೀಸರಿಗೆ ತಿಳಿಸ್ಬೇಕು," ಎಂದ ಕೌಕೊ.

"ಏನಂತ?" ಎಂದಳು ಹೆಲ್ವಿ. "ಒಬ್ಬ ಮನುಷ್ಯ ಹೆಂಡ್ತೀನ ಹಬ್ಬದವರೆಗೆ ಮನೇಲಿಟ್ಕೊಂಡಿದಾನೆ ಅಂತಲಾ? ನೆಲ ಕಲ್ಲಾಗಿದೆ. ಹೊರಗೆ ಈ ಚಳಿ. ಅವಳೆಲ್ಲಿಗೂ ಹೋಗಲ್ಲ. ಹಬ್ಬ ಕಳೀಲಿ, ಪಾದ್ರಿಗೆ ನಾನೇ ಹೇಳ್ತೀನಿ."

ಇದು ಸರಿಯಲ್ಲವೆಂದು ನನಗೆ ಅನಿಸಿತು. ಆದರೆ ಹೆಲ್ವಿಯ ಕೆನ್ನೆಯ ಮೇಲೆ ನಿಜವಾದ ಕಣ್ಣೀರಿತ್ತು. ಇರ್ಮೆಲಿ ಅವಳ ಕೈಕೆಳಗೆ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿಯಲು ಕಲಿತ ಹುಡುಗಿ. ನನಗೂ ಅಳು ಬಂತು, ಒಳಗೆ ಹೋಗಿ ಹಿಟ್ಟಿನ ಮೂಟೆಗಳ ನಡುವೆ ಅತ್ತು ಬಂದೆ.

ಮರುದಿನ ಬೆಳಕು ಹರಿಯುತ್ತಿದ್ದಂತೆ ಹೆಲ್ವಿ ತನ್ನ ಅಂಗಳದ ಕಂಬದಲ್ಲಿ ಬಾವುಟವನ್ನು ಅರ್ಧಕ್ಕೆ ಏರಿಸಿದಳು. ನೆರೆಯಲ್ಲಿ ಸಾವಾದರೆ ನಾವು ಹಾಗೆ ಮಾಡುತ್ತೇವೆ. ಬಾಯಿ ಬಿಟ್ಟು ಹೇಳಬೇಕಾದ ಕಷ್ಟ ತಪ್ಪುತ್ತದೆ. ಪಕ್ಕದ ಮನೆಯಿಂದ ರೈಮೊ ಅದನ್ನು ನೋಡಿದ. ಯಾರೋ ಹೋಗಿದ್ದಾರೆ, ಹೆಲ್ವಿಯ ಕಡೆಯವರಿರಬೇಕು ಎಂದುಕೊಂಡ. ಹೋಗಿ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಳ್ಳೆಯ ನೆರೆಯವನಂತೆ ಗ್ಯಾರೇಜಿನಿಂದ ತನ್ನ ಬಾವುಟ ತಂದು, ಹಗ್ಗ ಕಟ್ಟಿ, ಅದನ್ನೂ ಅರ್ಧಕ್ಕೆ ಏರಿಸಿ, ಟೋಪಿ ತೆಗೆದು ಒಂದು ಗಳಿಗೆ ನಿಂತ.

ಊರೆಲ್ಲ ಕಿಟಕಿಯಲ್ಲಿತ್ತು. ಇನ್ನು ಸಂದೇಹಕ್ಕೆ ಎಡೆಯೆಲ್ಲಿ? ಗಂಡನೇ ಕೈಯಾರೆ ಬಾವುಟವನ್ನು ಅರ್ಧಕ್ಕೆ ನಿಲ್ಲಿಸಿದ ಮೇಲೆ ನಮ್ಮ ರಸ್ತೆಯ ಒಂದೊಂದೇ ಮನೆಯಲ್ಲಿ ಬಾವುಟ ಅರ್ಧಕ್ಕೆ ಏರಿತು. ಅದನ್ನು ಕಂಡು ರೈಮೊನಿಗೆ, ಸತ್ತವರು ಬಹಳ ದೊಡ್ಡ ಮನುಷ್ಯರಿರಬೇಕು ಅನಿಸಿತಂತೆ. ಹಾಲಿಗೆ ಬಂದಾಗ ನನ್ನ ಕೈ ಹಿಡಿದು ಗಂಭೀರವಾಗಿ ಕುಲುಕಿದ. ನಾನೂ ಕುಲುಕಿದೆ. "ಹೀಗಾಗಬಾರದಿತ್ತು," ಎಂದ. "ಆಗಬಾರದಿತ್ತು," ಎಂದೆ. ಇಬ್ಬರೂ ಮನಸಾರೆ ಹೇಳಿದ್ದೆವು.

ಮಧ್ಯಾಹ್ನ ನಾವೆಲ್ಲ ಅಂಗಡಿಯಲ್ಲಿ ಸೇರಿದ್ದೆವು. ಮಣ್ಣಿನ ದಿನದ ಕಾಫಿಗೆ ಯಾರು ಏನು ತರುವುದೆಂದು ಮಾತಾಗುತ್ತಿತ್ತು. ಮೀನಿನ ಪೈ ನಾನು ಎಂದೆ. ರೈ ಹಿಟ್ಟಿನ ಕಡುಬು ನಾನೇ ಮಾಡುವುದು ಎಂದಳು ಹೆಲ್ವಿ. ಆಗ ಹೊರಗೆ ಟ್ಯಾಕ್ಸಿ ನಿಂತ ಸದ್ದಾಯಿತು. ಬಾಗಿಲು ತೆರೆದು ಎರಡು ಊರುಗೋಲು ಒಳಗೆ ಬಂದವು, ಅವುಗಳ ಹಿಂದೆ ಇರ್ಮೆಲಿ ಬಂದಳು.

ಅವಳ ಮುಖ ಸುಣ್ಣದ ಹಾಗಿತ್ತು. ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಹೊರಟು ಗಂಡನನ್ನು ಬೆರಗುಗೊಳಿಸಬೇಕೆಂದಿದ್ದವಳು, ಊರಿನ ದಾರಿಯುದ್ದಕ್ಕೂ ಅರ್ಧಕ್ಕಿಳಿದ ಬಾವುಟಗಳನ್ನು ನೋಡುತ್ತ ಬಂದಿದ್ದಳು. ದೂರದಿಂದ ತನ್ನ ಮನೆಯ ಬಾವುಟವನ್ನೂ ನೋಡಿದ್ದಳು. ಮುಂದೆ ಹೋಗುವ ಧೈರ್ಯ ಸಾಲದೆ ಅಂಗಡಿಯ ಮುಂದೆ ನಿಲ್ಲಿಸಿದ್ದಳು.

"ಯಾವಾಗ ಹೋದ?" ಎಂದಳು.

ಕೌಕೊ ಎದ್ದು ನಿಂತು ಟೋಪಿ ತೆಗೆದ, ಅದು ಅವಳ ಪಾಲಿಗೆ ಇನ್ನೂ ಕೆಟ್ಟದಾಯಿತು.

"ಹೇಳಿ. ಹೃದಯಾನಾ? ಅವನಪ್ಪನ ಥರ?"

ಹೆಲ್ವಿ ಕುರ್ಚಿ ಹಿಡಿದುಕೊಂಡಳು. "ಇರ್ಮೆಲಿ," ಎಂದಳು ಮೆಲ್ಲಗೆ, ಮಗುವಿಗೆ ಹೇಳುವಂತೆ, "ಹೋಗಿರೋದು ನೀನು."

"ನಾನಾ?"

"ನಾನು ಕಣ್ಣಾರೆ ನೋಡ್ದೆ."

"ಹೆಲ್ವಿ, ನಾನಿಲ್ಲಿ ನಿಂತಿದೀನಿ. ರೈಮೊ ಎಲ್ಲಿ?"

"ರೈಮೊ ಇದಾನಲ್ಲ," ಎಂದೆ ನಾನು. "ಬೆಳಿಗ್ಗೆ ಹಾಲು ತಗೊಂಡು ಹೋದ."

"ಹಾಲು ತಗೊಂಡು ಹೋದನಾ?"

"ಒಂದು ಲೀಟರ್."

ಇರ್ಮೆಲಿ ಅಲ್ಲೇ ಸಕ್ಕರೆ ಮೂಟೆಯ ಮೇಲೆ ಕೂತು ಅತ್ತಳು. ಶಾಲೆಯ ಮುನ್ನೂರು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುತ್ತಿದ್ದ ಹೆಂಗಸು, ಒಂದು ಲೀಟರ್ ಹಾಲಿಗೆ ಹಾಗೆ ಅತ್ತದ್ದನ್ನು ನೋಡಿ ನಮಗೆಲ್ಲ ನಾಚಿಕೆಯಾಯಿತು, ಸಂತೋಷವೂ ಆಯಿತು. ಹೆಲ್ವಿ ಅವಳ ಮೂಗು ಒರೆಸಿದಳು. ಆಮೇಲೆ ಒಂದು ಸಂದೇಹ ಎಲ್ಲರ ಮುಖದ ಮೇಲೂ ಒಟ್ಟಿಗೇ ಬಂತು. ಅದನ್ನು ಬಾಯಿಬಿಟ್ಟು ಆಡಿದವನು ಕೌಕೊ.

"ಹಾಗಾದ್ರೆ ಸೌನಾದಲ್ಲಿ ಮಲಗಿರೋದು ಯಾರು?"

ಊರುಗೋಲಿನ ಇರ್ಮೆಲಿ ಮುಂದೆ, ಅವಳ ತೋಳು ಹಿಡಿದ ಹೆಲ್ವಿ ಪಕ್ಕದಲ್ಲಿ, ಏಣಿ ಹೊತ್ತ ಕೌಕೊ ಹಿಂದೆ, ಆಮೇಲೆ ನಾನು, ಆಮೇಲೆ ಊರು. ಅಂಥ ಮೆರವಣಿಗೆ ನಮ್ಮಲ್ಲಿ ಮಣ್ಣಿಗೆ ಹೋಗುವಾಗಲೂ ಸೇರುವುದಿಲ್ಲ. ಇರ್ಮೆಲಿಯೇ ಸೌನಾದ ಬಾಗಿಲು ತಳ್ಳಿದಳು. ರೈಮೊ ಮೊಣಕಾಲೂರಿ ಕೂತು ಮುಂದಿನ ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ತಲೆಯೆತ್ತಿ ನೋಡಿದ. ಹೆಂಡತಿ, ಅವಳ ಹಿಂದೆ ಇಡೀ ಊರು.

"ನಾಳೆ ಅಂದಿದ್ಯಲ್ಲ," ಎಂದ.

ಇರ್ಮೆಲಿ ಊರುಗೋಲಿನ ತುದಿಯಿಂದ ಬಿಳಿ ಬಟ್ಟೆಯನ್ನು ಎತ್ತಿದಳು. ಕೌಕೊ ಕತ್ತು ಚಾಚಿ ನೋಡಿದ.

"ಹೆಲ್ವಿ ಅಜ್ಜಿ, ನಿಮ್ಮಜ್ಜಿಗೂ ಎರಡು ಚಕ್ರ ಇತ್ತಾ?"

"ಬಾಯಿ ಮುಚ್ಚು, ಕೌಕೊ," ಎಂದಳು ಹೆಲ್ವಿ. ಆಮೇಲೆ ರೈಮೊನ ಕಡೆ ತಿರುಗಿ, "ಸೌನಾದಲ್ಲಿ ಗಾಡಿ. ನಿಮ್ಮಮ್ಮ ಇದ್ದಿದ್ರೆ ಏನಂತಿದ್ಲು?"

ರೈಮೊ ಸಮಜಾಯಿಷಿಗೆ ಶುರುಮಾಡಿದ. ಕಾಂಕ್ರೀಟು, ಫ್ರೀಜರು, ಓಜೋನ್, ಮತ್ತೆ ಕಾಂಕ್ರೀಟು. ನಮಗೆ ಅರ್ಥವಾದದ್ದು ಕಡಿಮೆ. ಇರ್ಮೆಲಿಗೆ ಮಾತ್ರ ಎಲ್ಲ ಅರ್ಥವಾಗುತ್ತಿತ್ತು. ಅವಳು ಬಾಗಿ ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಒಂದು ಸುತ್ತು ಸವರಿದಳು. ರಬ್ಬರಿನ ಕೂದಲೂ ಹಾಗೆಯೇ ಇತ್ತು.

"ದುಂಡಗಿದೆ," ಎಂದಳು.

"ಸೊಂಟ?" ಎಂದು ಕೇಳಿದ ರೈಮೊ.

ಇರ್ಮೆಲಿ ಊರುಗೋಲುಗಳನ್ನು ಹೆಲ್ವಿಯ ಕೈಗೆ ಕೊಟ್ಟಳು. ನೆಲದಿಂದ ಕಾಲೆತ್ತಿ ಸೀಟು ದಾಟಿಸುವುದು ಅವಳಿಂದಾಗದು, ನೋಡಿದರೇ ತಿಳಿಯುತ್ತಿತ್ತು. ಆದರೆ ಬೈಕಿನ ಪಕ್ಕಕ್ಕೇ ಸೌನಾದ ಹಲಗೆಗಳು ಮೆಟ್ಟಿಲಂತೆ ಇದ್ದವು. ಆ ಜಾಗದ ಈ ಒಂದು ಉಪಯೋಗ ಪತ್ರಿಕೆಯವರಿಗೂ ಹೊಳೆದಿರಲಿಲ್ಲ. ಒಂದು ಕೈ ಗಂಡನ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲೆ ಇಟ್ಟು ಕೆಳಗಿನ ಹಲಗೆ ಹತ್ತಿದಳು. ಕೌಕೊ ಮತ್ತು ನಾನು ಬೈಕು ಹಿಡಿದೆವು. ಮೊದಲ ಸಲ ಕಾಲು ಅರ್ಧಕ್ಕೆ ನಿಂತಿತು. ಅವಳು ಹಲ್ಲು ಕಚ್ಚಿ ಇಳಿಸಿದಳು, ಉಸಿರು ತಗೊಂಡಳು. ಎರಡನೆಯ ಸಲ ಕಾಲು ಸೀಟಿನ ಮೇಲೆ ಜಾರಿ ಆಚೆ ಹೋಯಿತು, ಅವಳು ಕೂತಳು.

ಡಾಕ್ಟರು ನೋಡಿದ್ದರೆ ಬೈಯುತ್ತಿದ್ದರು. ನಮ್ಮಲ್ಲಿ ಯಾರೂ ಬೈಯಲಿಲ್ಲ. "ನೀನೂ ಹತ್ತು," ಎಂದಳು ಇರ್ಮೆಲಿ. ರೈಮೊ ಹತ್ತಿ ಅವಳ ಮುಂದೆ ಕೂತು ಹ್ಯಾಂಡಲ್ ಹಿಡಿದ. ಅವಳು ಅವನ ಬೆನ್ನಿಗೆ ಕೆನ್ನೆ ಒತ್ತಿದಳು. ತಣ್ಣನೆಯ ಒಲೆಯ ಎದುರು ಅವರಿಬ್ಬರೂ ಎಲ್ಲಿಗೂ ಹೋಗದೆ ಹಾಗೇ ಕೂತಿದ್ದರು. ಈ ಸಲ ರೈಮೊನ ಕಣ್ಣೀರಿಗೆ ಗಾಳಿಯ ನೆಪವೂ ಇರಲಿಲ್ಲ. ನಾವು ಗಂಡಸು ಹೆಂಗಸೆನ್ನದೆ ಎಲ್ಲರೂ ಗೋಡೆಯ ಮರದ ಗಂಟುಗಳನ್ನು ಬಹಳ ಆಸಕ್ತಿಯಿಂದ ನೋಡಿದೆವು. ಕೌಕೊ ಮಾತ್ರ ತಾನು ಬಂದ ಕೆಲಸ ನೆನಪಾಗಿ ಏಣಿ ಹತ್ತಿ ಕೊಳವೆ ಗುಡಿಸಿದ. ದೂಳು ಬಿತ್ತು. ರೈಮೊ ಬೇಡ ಅನ್ನಲಿಲ್ಲ.

ಊರಿನ ಗಂಡಸರೆಲ್ಲ ಸೇರಿ ಬೈಕನ್ನು ಹೊತ್ತು, ಮನೆಯ ಮೆಟ್ಟಿಲು ಹತ್ತಿಸಿ, ನಡುಮನೆಯಲ್ಲಿ ಹಬ್ಬದ ಮರದ ಪಕ್ಕ ಇರ್ಮೆಲಿ ನೇಯ್ದ ಚಿಂದಿ ಜಮಖಾನೆಯ ಮೇಲೆ ಇಳಿಸಿದರು. ಒಲೆಯಿಂದ ದೂರ, ಕಿಟಕಿಯಿಂದ ದೂರ. ಹೊರಟವರನ್ನೆಲ್ಲ ಇರ್ಮೆಲಿ ಕಾಫಿಗೆ ನಿಲ್ಲಿಸಿಕೊಂಡಳು. ಬಾವುಟಗಳನ್ನು ಸದ್ದಿಲ್ಲದೆ ಇಳಿಸಿ ಮಡಚಿಟ್ಟೆವು. ಆ ವಿಷಯ ನಮ್ಮೂರಲ್ಲಿ ಇವತ್ತಿಗೂ ಯಾರೂ ಎತ್ತುವುದಿಲ್ಲ.

ಹಬ್ಬದ ಹಿಂದಿನ ಸಂಜೆ, ಕತ್ತಲು ಕವಿಯುವ ಮೊದಲು, ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಊರೆಲ್ಲ ತಮ್ಮ ತಮ್ಮ ಕಿಟಕಿಯಲ್ಲಿ ನಿಂತಿತ್ತೆಂದು ಬಲ್ಲೆ. ಫೋನು ರಿಂಗಾಯಿತು, ಹೆಲ್ವಿ ಅಜ್ಜಿ.

"ಏಳ್ತಾ ಇದೆ," ಎಂದಳು.

"ಕಾಣಿಸ್ತಿದೆ," ಎಂದೆ.

ರೈಮೊನ ಕೊಳವೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಇಬ್ಬರೂ ಫೋನು ಹಿಡಿದು ಸುಮ್ಮನೆ ನೋಡುತ್ತ ನಿಂತೆವು.

"ಇಬ್ಬರಿಗೆ ಅಂತ ಹಚ್ಚಿದಾನೆ," ಎಂದಳು ಹೆಲ್ವಿ, ಮತ್ತು ಫೋನಿಟ್ಟಳು.